ಮೈಲಮ್ಮ ವಾಲ್ವ್ ತಿರುವಿದರೆ ಊರಿಗೆ ಹಬ್ಬ

ಇನ್ನೂ ಬೆಳಕು ಹರಿದಿಲ್ಲ. ಬಸರಿಹಳ್ಳದ ಬೀರಪ್ಪನ ಗುಡಿಯ ಮುಂದೆ ದಾರಿಯ ನಡುವೆಯೇ ಮೈಲಮ್ಮ ಮೊಣಕಾಲೂರಿ ಕುಳಿತಿದ್ದಾರೆ. ಎದುರಿಗೆ ಚಪ್ಪಡಿ ಸರಿಸಿದ ಒಂದು ಗುಂಡಿ. ಕೈ ಹಾಕುವ ಮೊದಲು ಬೇವಿನ ಕಡ್ಡಿಯಿಂದ ಅದರ ಮೂಲೆಮೂಲೆ ಕೆದಕುತ್ತಾರೆ. "ಚೇಳು ಇರ್ತಾವ್ರಿ. ಪಾಪ, ಅವಕ್ಕೂ ತಂಪು ಬೇಕಲ್ಲ. ಸರಕೊಳ್ರೋ ಅಂತ ಹೇಳಿ ಆಮ್ಯಾಲೆ ಕೈ ಇಡ್ತೀನಿ" ಎನ್ನುತ್ತಾರೆ. ಎದೆಯುದ್ದದ ಕಬ್ಬಿಣದ ರಾಡನ್ನು ಗುಂಡಿಗೆ ಇಳಿಸಿ, ವಾಲ್ವಿನ ತಲೆಗೆ ಸಿಕ್ಕಿಸಿ, ಮೈಭಾರವನ್ನೆಲ್ಲ ಹಾಕಿ ತಿರುವುತ್ತಾರೆ. ಕಬ್ಬಿಣ ಕಿರುಗುಟ್ಟುತ್ತದೆ. ರಾಡಿನ ಮೇಲ್ತುದಿಗೆ ಕಿವಿ ಹಚ್ಚಿ ಉಸಿರು ಹಿಡಿದು ಕೇಳುತ್ತಾರೆ.

"ಹೊಂಟ್ಳು ನೋಡ್ರಿ ಗಂಗಮ್ಮ! ಎಷ್ಟು ಅವಸರ ಆಕಿಗೆ. ಇವತ್ತ ಆಕಿ ಹಬ್ಬ ಅಲ್ರಿ ಮತ್ತ!"

ಹೌದು, ಇವತ್ತು ನೀರು ತುಂಬುವ ಹಬ್ಬ. ದೀಪಾವಳಿ ಹೊಸ್ತಿಲಲ್ಲಿ ನಿಂತಿದೆ. ಸಂಜೆ ದೀಪ ಹಚ್ಚುವುದರೊಳಗೆ ಪ್ರತಿ ಮನೆಯ ಹಂಡೆ ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಬೇಕು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯಬೇಕು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಬೇಕು, ಹೊಸ ನೀರು ತುಂಬಿ ಪೂಜೆ ಮಾಡಬೇಕು. ನಾಳೆ ನಸುಕಿನಲ್ಲಿ ಆ ನೀರು ಕಾಯಿಸಿ ಎಣ್ಣೆಸ್ನಾನ. ಹಿಂದೆ ಹಳ್ಳದ ವರತೆಗೆ ಹೋಗಿ ಜಾಗಟೆ ಬಾರಿಸಿಕೊಂಡು ನೀರು ತರುತ್ತಿದ್ದರು. ಈಗ ಮನೆಯ ಮುಂದೆ ನಳ ಬಂದಿದೆ. ಜನ ನಳಕ್ಕೇ ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಕಟ್ಟಿ, ಕೈಮುಗಿಯುತ್ತಾರೆ. ಕೈ ಮುಗಿಯಲಿ, ಬೇಡ ಅಂದವರಾರು? ಆದರೆ ಆ ನಳಕ್ಕೆ ನೀರು ಬಿಡುವವರು ಯಾರೆಂದು ಕೇಳಿ ನೋಡಿ. "ಯಾರೋ ವಾಲಿನಾಕಿ ಅದಾಳ್ರಿ" ಎನ್ನುತ್ತಾರೆ.

ಆ 'ವಾಲಿನಾಕಿ'ಗೆ ಹೆಸರಿದೆ. ಮೈಲಮ್ಮ. ಐವತ್ತರ ಆಸುಪಾಸು. ಪಂಚಾಯಿತಿಯ ಲೆಕ್ಕದಲ್ಲಿ ನೀರಗಂಟಿ. ಚಿಗಟೇರಿ ದಾಟಿ ಬಲಕ್ಕೆ ಹೊರಳಿ ಜೋಳದ ಹೊಲಗಳ ನಡುವೆ ಸಾಗಿದರೆ ಸಿಗುವ ಈ ಊರಿನ ನಾಲ್ಕು ಓಣಿಗೂ ಎಂಟು ವರ್ಷದಿಂದ ನೀರು ಬಿಡುತ್ತಿರುವವರು ಇವರೊಬ್ಬರೇ. ನಸುಕಿನಲ್ಲಿ ಎದ್ದು ಮೋಟರು ಹಾಕಬೇಕು, ದಿಬ್ಬದ ಮೇಲಿನ ಟ್ಯಾಂಕು ತುಂಬಿಸಬೇಕು, ಓಣಿಗೊಂದರಂತೆ ವಾಲ್ವ್ ತೆಗೆದು ಮುಚ್ಚಬೇಕು, ಒಡೆದ ಪೈಪಿಗೆ ರಬ್ಬರು ಸುತ್ತಬೇಕು. ಇದರಲ್ಲಿ ರಜೆ ಎಂಬುದಿಲ್ಲ. ಜ್ವರ ಬಂದರೂ ಊರಿಗೆ ಬಾಯಾರಿಕೆ ಆಗುತ್ತದಲ್ಲ.

ಮೊದಲು ಈ ಕೆಲಸ ಸಿಕ್ಕಿದ್ದು ಗಂಡ ಕರಿಸಿದ್ದಪ್ಪನಿಗೆ. ಆತ ಕುರಿ ಕಾಯುವ ಮನುಷ್ಯ. ಕುರಿ ಹಿಂಡಿನ ಹಿಂದೆ ಹಡಗಲಿ ಕಡೆಗೋ ಹಗರಿಬೊಮ್ಮನಹಳ್ಳಿ ಕಡೆಗೋ ಹೋದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಊರಲ್ಲಿದ್ದ ದಿನವೂ ಕಂಬಳಿ ಹೊದ್ದು ಮಲಗಿದರೆ ಬಿಸಿಲೇರುವ ತನಕ ಏಳುವ ಪೈಕಿ ಅಲ್ಲ. "ಇವ್ನು ಏಳೋ ಹೊತ್ತಿಗೆ ಊರಾಗಿನ ಮಂದಿ ಖಾಲಿ ಕೊಡ ಹಿಡ್ಕೊಂಡು ನಮ್ಮನಿ ಬಾಗ್ಲಾಗ ನಿಂತಿರ್ತಿದ್ರು. ಬೈಸ್ಕೊಳ್ಳಾಕಿ ನಾನು. ಬೈಸ್ಕೊಳ್ಳೋದು ಹೆಂಗಿದ್ರೂ ನಾನ ಅಂದ್ಮ್ಯಾಲೆ, ರಾಡೂ ನಾನ ಹಿಡಿತೀನಿ ತಗಾ ಅಂದೆ" ಎಂದು ಮೈಲಮ್ಮ ನಗುತ್ತಾರೆ. ಪಂಚಾಯಿತಿಯವರು ಹೆಂಗಸಿನ ಕೈಲಿ ಆಗುತ್ತದಾ ಎಂದು ಒಂದಷ್ಟು ದಿನ ಮೀಸೆ ತಿರುವಿದರು. ಅವರು ಮೀಸೆ ತಿರುವುವಷ್ಟರಲ್ಲಿ ಈಕೆ ವಾಲ್ವ್ ತಿರುವಿ ಮನೆಗೆ ಹೋಗಿದ್ದರು. ಅಲ್ಲಿಗೆ ಚರ್ಚೆ ಮುಗಿಯಿತು.

ಗಂಡ ಹೆಂಡತಿಗೆ ಇಟ್ಟ ಹೆಸರು 'ಡ್ಯಾಮು.' "ನಮ್ಮನಿ ಡ್ಯಾಮು ಐತ್ರಿ ಇದು. ಗೇಟು ಎತ್ತಿದ್ರ ನಾ ಕೊಚ್ಚಿಗ್ಯಾಂಡು ಹೋಗ್ತೀನಿ" ಎನ್ನುತ್ತಾನೆ ಆತ, ಹೆಂಡತಿಗೆ ಕೇಳುವ ಹಾಗೆಯೇ.

ಕಷ್ಟ ಏನೆಂದು ಕೇಳಿದರೆ ಮೈಲಮ್ಮ ಮಣಿಕಟ್ಟು ತೋರಿಸುತ್ತಾರೆ. ಎರಡೂ ಗಂಟು ಕಟ್ಟಿವೆ. ಕೋಗಳಿ ಹತ್ತಿರದ ತವರಿನಲ್ಲಿ ಎಂಟು ವರ್ಷದಿಂದ ಒಂದು ಹಬ್ಬಕ್ಕೂ ಕೂತು ಉಂಡಿಲ್ಲ. ತಮ್ಮನ ಮದುವೆಯ ಅಕ್ಕಿಕಾಳು ಹಾಕಿದವರೇ ಬಸ್ಸು ಹತ್ತಿ ಬಂದಿದ್ದಾರೆ. ಅದೆಲ್ಲ ಹೋಗಲಿ. ನಿಜವಾದ ಕಷ್ಟ ಬಾಯಿಗಳದ್ದು. ಮೇಲಿನ ಓಣಿಯವರು, ತನ್ನ ಓಣಿ ಎಂದು ಕೆಳಗಿನವರಿಗೇ ಜಾಸ್ತಿ ಬಿಡುತ್ತಾಳೆ ಅನ್ನುತ್ತಾರೆ. ಕೆಳಗಿನ ಓಣಿಯವರು, ದುಡ್ಡಿದ್ದವರೆಂದು ಮೇಲಿನವರಿಗೇ ಜಾಸ್ತಿ ಬಿಡುತ್ತಾಳೆ ಅನ್ನುತ್ತಾರೆ. ಒಮ್ಮೆ ಯಾವನೋ ಪುಣ್ಯಾತ್ಮ ಸಿಟ್ಟಿಗೆದ್ದು ರಾಡನ್ನೇ ತಿಪ್ಪೆಗೆ ಎಸೆದಿದ್ದ. ಮರುದಿನ ನೀರು ಬರದಿದ್ದಾಗ ತಿಪ್ಪೆ ಕೆದರಿ ಹುಡುಕಿಕೊಟ್ಟವನೂ ಅವನೇ. ಊರೆಂದರೆ ಇದು.

ಇಷ್ಟಾದರೂ ಈ ಹೆಂಗಸು ಬೆಳಗ್ಗೆ ಓಣಿಯಲ್ಲಿ ನಡೆಯುವ ರೀತಿ ನೋಡಬೇಕು. ವಾಲ್ವ್ ತೆಗೆದು, ಎಲ್ಲ ನಳಕ್ಕೂ ನೀರು ಮುಟ್ಟಿತಾ ಎಂದು ನೋಡುತ್ತ ಹೊರಟರೆ, ಒಂದೊಂದು ಬಾಗಿಲಿಗೆ ಒಂದೊಂದು ಮಾತು. ಹಿಂದಿನ ದಿನ ಯಾರು ತನಗೆ ಏನು ಮಾಡಿದರೋ ಅದನ್ನು ಮರುದಿನ ಬೆಳಗ್ಗೆ ಅವರ ಮುಖ ನೋಡಿ ಹೇಳಲೇಬೇಕು. "ಯವ್ವಾ, ನಿನ್ನಿ ನೀ ಕೊಟ್ಟ ಪುಂಡಿಪಲ್ಯ ಭಾಳ ಛಲೋ ಇತ್ತು, ಎರಡು ರೊಟ್ಟಿ ಜಾಸ್ತಿ ತಿಂದೆ." "ತಮ್ಮಾ, ನಿನ್ನಿ ಗುಂಡಿ ಚಪ್ಪಡಿಗೆ ಕೈ ಹಚ್ಚಿದಿ ನೋಡು, ನನ್ನ ಟೊಂಕ ಉಳೀತು." ಬೈದವರನ್ನೂ ಬಿಡುವುದಿಲ್ಲ. "ಅಜ್ಜಾ, ನಿನ್ನಿ ಬೈದಿ ಅಂತ ಆ ಪೈಪು ನೋಡಿದೆ. ಖರೇನೇ ಸೋರಾಕತ್ತಿತ್ತು." ಯಾಕೆ ಹೀಗೆ ಎಂದು ಕೇಳಿದರೆ ಉತ್ತರ ಚಿಕ್ಕದು. "ರಾತ್ರಿ ನಿದ್ದಿ ಮಾಡಿದ್ರ ಮರ್ತು ಹೋಗ್ತೈತ್ರಿ. ಮರಿಯೋದ್ರಾಗ ಹೇಳಿಬಿಡ್ಬೇಕು."

ನಮ್ಮ ಕಡೆ 'ಧನ್ಯವಾದ' ಎಂಬುದು ವೇದಿಕೆಯ ಮಾತು. ವಂದನಾರ್ಪಣೆಯವನು ಕಾಗದ ಬಿಚ್ಚುವಷ್ಟರಲ್ಲಿ ಜನ ಎದ್ದು ಊಟದ ಪಾಳಿಯಲ್ಲಿ ನಿಂತಿರುತ್ತಾರೆ. ಮನೆಯೊಳಗೆ ಆ ಮಾತು ಆಡಿದರೆ ನಗುತ್ತಾರೆ. ಅದರ ಬದಲಿಗೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರ ಪಾತ್ರೆಯನ್ನೂ ಬರಿದಾಗಿ ತಿರುಗಿ ಕೊಡಬಾರದು. ಸಾರು ತುಂಬಿ ಬಂದ ಡಬ್ಬಿಯಲ್ಲಿ ಒಂದು ಹಿಡಿ ಅಲಸಂದಿ, ಒಂದು ತುಂಡು ಬೆಲ್ಲ, ಏನಾದರೂ ಹೋಗಬೇಕು. ಮೈಲಮ್ಮ ಇದನ್ನು ಒಂದು ದಿನವೂ ತಪ್ಪಿಸಿಲ್ಲ. ಮನೆಯಲ್ಲಿ ಏನೂ ಇಲ್ಲದ ದಿನ ಡಬ್ಬಿಯಲ್ಲಿ ಎರಡು ಬೇವಿನ ಕಡ್ಡಿ ಇಟ್ಟು ಕೊಟ್ಟಿದ್ದರಂತೆ. "ಏನವ್ವಾ, ನಮ್ಮ ಸಾರು ತಿಂದು ನಮಗ ಹಲ್ಲು ತಿಕ್ಕು ಅಂತೀಯೇನು?" ಎಂದು ಆ ಮನೆಯಾಕೆ ಓಣಿಗೆಲ್ಲ ಕೇಳುವಂತೆ ಕೂಗಿದಳಂತೆ. ಅದನ್ನು ಹೇಳುವಾಗ ಮೈಲಮ್ಮನಿಗೆ ಈಗಲೂ ನಗು ತಡೆಯುವುದಿಲ್ಲ.

ನಾವು? ಹಬ್ಬ ಬಂದರೆ ಮೊಬೈಲಿನಲ್ಲಿ ಹಣತೆಯ ಚಿತ್ರ ಹಿಡಿದು ಕಂಡಕಂಡವರಿಗೆಲ್ಲ ತಳ್ಳುತ್ತೇವೆ. ಅದರ ಅಡಿಯಲ್ಲಿ 'ಕೃತಜ್ಞತೆಯೇ ದೊಡ್ಡ ಸಂಪತ್ತು' ಅಂತ ಬರೆದಿರುತ್ತದೆ. ತಳ್ಳಿದವನು ಬೆಳಗ್ಗೆ ಮುಖ ತೊಳೆದ ನೀರು ಯಾರು ಬಿಟ್ಟದ್ದು? ಗೊತ್ತಿಲ್ಲ. ಬಿಡಿ, ಸಿಟ್ಟು ಮಾಡಿ ಪ್ರಯೋಜನವಿಲ್ಲ. ಇವತ್ತಿನ ಕಥೆಗೆ ಬರೋಣ. ಯಾಕೆಂದರೆ ಇವತ್ತು ಹೀಗೆ ನಡೆಯುತ್ತದೆಂದು ಯಾರೂ ಎಣಿಸಿರಲಿಲ್ಲ.

ಮೇಲಿನ ಮೂರು ಓಣಿಗೆ ನೀರು ಬಿಟ್ಟಾಗಿದೆ. ಬೆಳಕು ಹರಿದಿದೆ. ಮೈಲಮ್ಮ ಕೊನೆಯ ಗುಂಡಿಗೆ, ಕೆಳಗಿನ ಓಣಿಯ ವಾಲ್ವಿಗೆ ಬರುತ್ತಾರೆ. ಕುರಿ ಸಾಕುವವರ ಓಣಿ ಅದು. ಅವರ ಮನೆಯೂ ಅಲ್ಲೇ. ರಾಡು ಸಿಕ್ಕಿಸಿ ತಿರುವುತ್ತಾರೆ. ಕಿವಿ ಹಚ್ಚುತ್ತಾರೆ. ಇನ್ನೊಂದು ಸುತ್ತು ತಿರುವುತ್ತಾರೆ. ಮತ್ತೆ ಕಿವಿ ಹಚ್ಚುತ್ತಾರೆ.

"ಮಾತಾಡವಲ್ಲಳು" ಎನ್ನುತ್ತಾರೆ ತಮ್ಮಷ್ಟಕ್ಕೆ.

ಓಣಿಯುದ್ದಕ್ಕೂ ಕೊಡ, ಬಕೆಟ್ಟು, ಬೆಳಗಿಟ್ಟ ಹಂಡೆ ಸಾಲಾಗಿ ಕುಳಿತಿವೆ. ನಳಗಳು ಬುಸ್ ಎಂದು ಗಾಳಿ ಊದಿ ಸುಮ್ಮನಾಗುತ್ತವೆ. ಎಲ್ಲರಿಗಿಂತ ಮೊದಲು ಬಂದವಳು ರೋಜಾ. ಮೈಲಮ್ಮನ ಪಕ್ಕದ ಮನೆಯ ಸೊಸೆ, ಮಾತಿನಲ್ಲಿ ಮೆಣಸಿನಕಾಯಿ. ಅವಳ ನಾದಿನಿಯ ಗಂಡ ಮೊದಲ ದೀಪಾವಳಿಗೆ ಇವತ್ತು ಮಧ್ಯಾಹ್ನದ ಬಸ್ಸಿಗೆ ಬರುವವನಿದ್ದಾನೆ. ನಾಳೆ ಹೊಸ ಅಳಿಯನಿಗೆ ಎಣ್ಣೆನೀರು.

"ಅತ್ತಿ, ಮ್ಯಾಲಿನ ಓಣ್ಯಾಗ ಕಾರು ತೊಳಿಯಾಕ ಹತ್ಯಾರ. ನಮ್ಮ ನಳದಾಗ ಬರೇ ಗಾಳಿ. ನಾಳಿ ಅಳಿಯಗ ಏನು ಎರಿಯೋಣ? ಎಣ್ಣಿ ಹಚ್ಚಿ ಬಿಸಿಲಾಗ ನಿಲ್ಸೋಣೇನು?"

"ತಡಿ ರೋಜಾ, ನೋಡ್ತೀನಿ."

"ನೋಡಾದೇನೈತಿ? ನಿನ್ನ ಓಣಿಗೇ ನೀ ನೀರು ಬಿಡಾಕ ಆಗ್ಲಿಲ್ಲಂದ್ರ ಆ ರಾಡು ಪಂಚಾಯ್ತಿಗೆ ಒಪ್ಪಿಸಿ ಮನಿಯಾಗ ಕೂಡು!"

ಹಿಂದಿನಿಂದ ಗಂಡಸರ ದನಿಯೂ ಸೇರುತ್ತದೆ. ಹತ್ತು ಗಂಟೆಗೆ ಪಂಚಾಯಿತಿ ಬಾಗಿಲು ತೆರೆಯುತ್ತದೆ. ಅಷ್ಟರಲ್ಲಿ ನೀರು ಬರದಿದ್ದರೆ ಓಣಿಯೆಲ್ಲ ಹೋಗಿ, ಬೇರೆಯವರಿಗೆ ಕೆಲಸ ಕೊಡಿ ಎಂದು ಹೇಳುವುದೇ ಸೈ. ಮೈಲಮ್ಮನ ಮುಖ ಸಣ್ಣದಾಗುತ್ತದೆ. ಎಂಟು ವರ್ಷದಲ್ಲಿ ಏನೇ ಕೆಟ್ಟಿರಲಿ, ನೀರು ತುಂಬುವ ಹಬ್ಬದ ದಿನ ಒಂದು ಓಣಿಗೂ ನೀರು ತಪ್ಪಿರಲಿಲ್ಲ. ರಾಡನ್ನು ಹೆಗಲಿಗೇರಿಸಿ ದಿಬ್ಬದ ಕಡೆ ನಡೆಯುತ್ತಾರೆ. ಹಿಂದೆ ಅರ್ಧ ಓಣಿ.

ದಿಬ್ಬದ ಮೇಲೆ, ನೆಲದಲ್ಲಿ ಅರ್ಧ ಹೂತ ಸಿಮೆಂಟಿನ ಟ್ಯಾಂಕು. ಪಕ್ಕದಲ್ಲಿ ಮೆಟ್ಟಿಲು, ಮೇಲೆ ಕಬ್ಬಿಣದ ಮುಚ್ಚಳ. ಮೇಲಿನ ಮೂರು ಓಣಿಗೆ ಒಂದು ಪೈಪು. ಕೆಳಗಿನ ಓಣಿಗೆ ಆಮೇಲೆ ಹಾಕಿದ ಬೇರೆ ಪೈಪು, ಟ್ಯಾಂಕಿನ ತಳದಿಂದ. ಮೈಲಮ್ಮ ಮೆಟ್ಟಿಲು ಹತ್ತಿ ಮುಚ್ಚಳ ಎತ್ತುತ್ತಾರೆ. ಎತ್ತಿದವರು ಹಾಗೆಯೇ ನಿಲ್ಲುತ್ತಾರೆ.

ನೀರಿನ ಮೇಲೆ ಚೆಂಡುಹೂವು ತೇಲುತ್ತಿವೆ. ಅರಿಶಿಣದ ಬಣ್ಣ ಹಬ್ಬಿದೆ. ನಡುವೆ ಒಂದು ಬಿದಿರಿನ ಮೊರ ಬೋರಲಾಗಿ ದೋಣಿಯಂತೆ ತಿರುಗುತ್ತಿದೆ.

ಬಾಗಿನ! ಕುಡಿಯುವ ನೀರಿನ ಟ್ಯಾಂಕಿಗೆ ಯಾರೋ ಬಾಗಿನ ಬಿಟ್ಟಿದ್ದಾರೆ. ನನ್ನ ಪಿತ್ತ ನೆತ್ತಿಗೇರುತ್ತದೆ. ಹೊಳೆಗೆ, ಕೆರೆಗೆ ಬಿಡುವುದು ಸರಿ, ಕುಡಿಯುವ ಟ್ಯಾಂಕಿಗೆ ಬಿಡುವಷ್ಟು ಬುದ್ಧಿ ಕೆಟ್ಟಿದೆಯಾ? ಮೇಲಿನ ಮೂರು ಓಣಿ ಬೆಳಗ್ಗೆ ಕುಡಿದದ್ದು ಇದನ್ನೇ! ಮೈಲಮ್ಮ ಮಾತ್ರ ಬಗ್ಗಿ ನೋಡುತ್ತ, "ಖಣ ಎಲ್ಲೈತಿ?" ಎನ್ನುತ್ತಾರೆ. ಮೊರದಲ್ಲಿ ರವಿಕೆಯ ಖಣ ಇರಲೇಬೇಕು. ನೀರಿನ ಮೇಲೆ ಅದಿಲ್ಲ. "ಪೈಪಿನ ಬಾಯಾಗ ಕುಂತೈತಿ ಅದು. ನೀರು ಎಳದಂಗೆಲ್ಲ ಬಿಗಿ ಆಗೈತಿ."

ಆಗ ಗುಂಪನ್ನು ಸರಿಸಿಕೊಂಡು, ಮೊಣಕಾಲು ಹಿಡಿದು, ಏದುಸಿರು ಬಿಡುತ್ತ ಶಾಂಭವಿ ಬರುತ್ತಾರೆ. ಮೇಲಿನ ಓಣಿಯ ಕಿರಾಣಿ ಅಂಗಡಿಯವರ ಮನೆಯ ಹಿರಿಯಾಕೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಜೋರು ಹೆಂಗಸು. ಇವತ್ತು ಮಾತ್ರ ಬಾಯಿ ಒಣಗಿದೆ.

"ಯಾರನ್ನೂ ಬೈಬ್ಯಾಡ್ರಿ. ನಾನ ಬಿಟ್ಟಿದ್ದು" ಎನ್ನುತ್ತಾರೆ. "ಹಳ್ಳದಿಂದ ನೀರು ಹೊತ್ತು ಹೊತ್ತು ನನ್ನ ಮೊಣಕಾಲು ಹೋದ್ವು. ಮನಿ ಮುಂದ ನಳ ಬಂದ್ರ ಗಂಗಮ್ಮಗ ಬಾಗಿನ ಬಿಡ್ತೀನಿ ಅಂತ ಬೇಡ್ಕೊಂಡಿದ್ದೆ. ಹೊಳಿತನಕ ಹೋಗಾಕ ಕಾಲು ಇಲ್ಲ ಅಂತ ಇಷ್ಟು ವರ್ಷ ಮುಂದ ಹಾಕ್ಕೋತ ಬಂದೆ. ಇದೂ ಗಂಗಮ್ಮ ಅಲ್ಲೇನು ಅಂತ ನಿನ್ನಿ ಸಂಜಿಮುಂದ ಇಲ್ಲೇ ಬಿಟ್ಟೆ."

ಗುಂಪು ಸಿಡಿಯುತ್ತದೆ. ರೋಜಾ ಸೊಂಟಕ್ಕೆ ಸೆರಗು ಸಿಕ್ಕಿಸುತ್ತಾಳೆ. "ನಿಮ್ಮ ಹರಕಿಗೆ ನಮ್ಮ ಹಂಡೆ ಒಣಗಬೇಕೇನ್ರೀ?" ಒಬ್ಬೊಬ್ಬರೂ ಒಂದೊಂದು ಕೂಗುತ್ತಾರೆ. ಶಾಂಭವಿ ತಲೆ ತಗ್ಗಿಸಿ ನಿಂತಿದ್ದಾರೆ. ಮೈಲಮ್ಮ ಮೆಟ್ಟಿಲ ಮೇಲಿನಿಂದ ರಾಡನ್ನು ಕಲ್ಲಿಗೆ ಕುಟ್ಟುತ್ತಾರೆ. ಠಣ್!

"ಸುಮ್ನಿರ್ರೆಲ್ಲಾ! ತಪ್ಪು ಮಾಡ್ಯಾಳ, ಹೌದು. ಆದ್ರ ನೀರು ಬಂತು ಅಂತ ನೆನಸಿದಾಕಿ ಈ ಊರಾಗ ಈಕಿ ಒಬ್ಬಾಕಿ. ನೀವು ಯಾರರ ನೆನಸಿದ್ರೇನು? ಹೇಳ್ರಿ ನೋಡೋಣು!"

ಆಮೇಲೆ ಶಾಂಭವಿಯ ಕಡೆ ತಿರುಗುತ್ತಾರೆ, ಈಗ ದನಿಯಲ್ಲಿ ಕುಚೋದ್ಯ. "ಶಾಂಭವಕ್ಕ, ಮುಂದಿನ ಸಲ ಗಂಗಮ್ಮನ ಬಾಗಿನ ನನ್ನ ಕೈಯಾಗ ಕೊಟ್ಟುಬಿಡು. ನಾ ಮುಟ್ಟಿಸ್ತೀನಿ. ನನಗೂ ಒಂದು ಖಣ ಬೇಕಾಗೈತಿ." ಸಿಟ್ಟಿನ ನಡುವೆಯೂ ನಾಲ್ಕು ಜನ ಕಿಸಕ್ಕನೆ ನಗುತ್ತಾರೆ. ಶಾಂಭವಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

ಅಷ್ಟರಲ್ಲಿ ಕರಿಸಿದ್ದಪ್ಪ ಕುರಿಹಟ್ಟಿಯ ಹಗ್ಗ ಹೊತ್ತು ಬರುತ್ತಾನೆ. ಇವತ್ತೊಂದು ದಿನ ಹೊತ್ತಿಗೆ ಎದ್ದಿದ್ದಾನೆ. ಮೂರು ಓಣಿಗೆ ಬಿಟ್ಟು ಟ್ಯಾಂಕಿನಲ್ಲಿ ಉಳಿದದ್ದು ಸೊಂಟಮಟ್ಟದ ನೀರು. ಮೈಲಮ್ಮ ಕಾಲು ತೊಳೆದು, ಸೀರೆ ಕಚ್ಚೆ ಕಟ್ಟಿ, ಹಗ್ಗವನ್ನು ನಡುವಿಗೆ ಬಿಗಿದು ಒಳಗಿನ ಏಣಿ ಇಳಿಯುತ್ತಾರೆ. "ಹುಷಾರಿ ಹಿಡಿ. ಕುರಿ ಅಂತ ತಿಳ್ಕಂಡು ಕೈ ಬಿಟ್ಟಿಯಾ ಮತ್ತ!"

"ಕುರಿ ಆಗಿದ್ರ ಯಾವಾಗೋ ಸಂತಿಗೆ ಹೊಡಿತಿದ್ದೆ. ಇಳಿಯೇ ಸುಮ್ನ" ಎನ್ನುತ್ತಾನೆ ಕರಿಸಿದ್ದಪ್ಪ. ಹಗ್ಗ ಮಾತ್ರ ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದಾನೆ.

ಒಳಗಿನಿಂದ ದನಿ ಕೊಡದೊಳಗಿನ ದನಿಯಂತೆ ಗುಡುಗುತ್ತದೆ. "ಸಿಕ್ತು! ಕಾಲಿಗೆ ಸಿಕ್ತು!" ಆಮೇಲೆ ಉಸಿರು ಬಿಗಿದ ಸದ್ದು. ಎಳೆದರೂ ಬರುತ್ತಿಲ್ಲ. ಪೈಪು ಅದನ್ನು ಒಳಕ್ಕೆ ಹೀರಿ ಹಿಡಿದಿದೆ. "ಕೆಳಗಿನ ವಾಲು ಮುಚ್ಚಬೇಕು! ಮುಚ್ಚಿದ್ರ ಸೆಳೆತ ನಿಲ್ತೈತಿ, ಇದು ಕೈಗೆ ಬರ್ತೈತಿ. ಯಾರರ ರಾಡು ತಗೊಂಡು ಓಡ್ರಿ!"

ಗಂಡಸರು ಮುಖ ಮುಖ ನೋಡಿಕೊಳ್ಳುತ್ತಾರೆ. ಎಂಟು ವರ್ಷ ಆ ವಾಲ್ವಿನ ನೀರು ಕುಡಿದವರಲ್ಲಿ ಅದನ್ನು ಯಾವ ಕಡೆ ತಿರುವಬೇಕೆಂದು ಗೊತ್ತಿರುವವನು ಒಬ್ಬನೂ ಇಲ್ಲ! ರಾಡು ಎತ್ತಿಕೊಂಡವರು ಶಾಂಭವಿ. ಆ ಮೊಣಕಾಲು, ಆ ದಿಬ್ಬ, ಆ ಕಬ್ಬಿಣದ ಭಾರ. "ಬಲಕ್ಕ ತಿರುವು ಅಕ್ಕಾ! ಬಲಕ್ಕ!" ಎಂದು ಟ್ಯಾಂಕು ಕೂಗುತ್ತದೆ. ಅವರ ಹಿಂದೆ ರೋಜಾ, "ಕೊಡ್ರಿ ಇಲ್ಲಿ, ನೀವು ಬಿದ್ರ ಅದೊಂದು ನಮ್ಮ ತಲಿಮ್ಯಾಲೆ ಬರ್ತೈತಿ" ಎಂದು ಬೈಯುತ್ತಲೇ ರಾಡಿನ ಇನ್ನೊಂದು ತುದಿ ಹಿಡಿಯುತ್ತಾಳೆ. ಮೇಲಿನ ಓಣಿಯೂ ಕೆಳಗಿನ ಓಣಿಯೂ ಒಂದೇ ರಾಡು ಹಿಡಿದು ಇಳಿಜಾರಿನಲ್ಲಿ ಓಡುವುದನ್ನು ಬಸರಿಹಳ್ಳ ಇದೇ ಮೊದಲು ನೋಡುತ್ತಿರಬೇಕು.

ಕೆಳಗೆ ಗುಂಡಿಯ ಹತ್ತಿರ ಶಾಂಭವಿ ಬಗ್ಗಿ ತಿರುವುವುದು ದಿಬ್ಬದಿಂದ ಕಾಣುತ್ತದೆ. ಆಮೇಲೆ ಟ್ಯಾಂಕಿನೊಳಗೆ ಗುಳುಕ್ ಎಂಬ ಸದ್ದು. ಮುಚ್ಚಳದ ಕಿಂಡಿಯಿಂದ ಒಂದು ತೋಳು ಮೇಲೆ ಬರುತ್ತದೆ, ಮುಷ್ಟಿಯಲ್ಲಿ ಹಿಂಡಿ ಹಗ್ಗದಂತಾದ ಹಸಿರು ಖಣ. ದಿಬ್ಬದ ಮೇಲೆ ಸಿಳ್ಳೆ, ಕೇಕೆ. ಕರಿಸಿದ್ದಪ್ಪ ಹಗ್ಗ ಎಳೆಯುತ್ತ, "ಡ್ಯಾಮು ತುಂಬೈತಿ, ಸರೀರಲೇ!" ಎಂದು ಕೂಗುತ್ತಾನೆ. ಹೂವು, ಮೊರ, ಕಾಯಿ ಎಲ್ಲ ಹೊರಬರುತ್ತವೆ. ಮೈಲಮ್ಮ ಬ್ಲೀಚಿಂಗ್ ಪುಡಿ ಕಲಸಿ ಸುರಿಯುತ್ತಾರೆ. "ಇವತ್ತಿಂದು ಹಂಡೆಕ್ಕ, ಬಳಸಾಕ ಅಷ್ಟ. ಕುಡಿಯಾಕ ನಾಳಿ ಟ್ಯಾಂಕು ತೊಳದು ಬಿಡ್ತೀನಿ" ಎಂದು ಎಲ್ಲರಿಗೂ ಎರಡೆರಡು ಸಲ ಹೇಳುತ್ತಾರೆ. ಮೋಟರು ಮತ್ತೆ ಗುಂಯ್ ಎನ್ನುತ್ತದೆ.

ಮೈಲಮ್ಮ ತೊಯ್ದು ನಡುಗುತ್ತ ವಾಲ್ವಿನ ಹತ್ತಿರ ಬಂದರೆ ಶಾಂಭವಿ ರಾಡು ಬಿಟ್ಟುಕೊಡುವುದಿಲ್ಲ.

"ಮೈಲವ್ವ, ನೀ ಮನಿಗೆ ಹೋಗಿ ಒಣ ಸೀರಿ ಉಟ್ಕಾ. ಮುಚ್ಚಿದಾಕಿ ನಾನು, ತೆಗೆಯೋದೂ ನಾನ ತೆಗಿತೀನಿ."

"ಒಮ್ಮಿಗೇ ತಿರುವಬ್ಯಾಡ ಅಕ್ಕಾ, ಪೈಪು ಒಡಿತೈತಿ. ಮೆತ್ತಗ, ಮಗೀನ ಎತ್ತಿದಂಗ."

"ಆರು ಮಕ್ಳನ್ನ ಎತ್ತೇನಿ. ನಡಿಯೇ ಸಾಕು!"

ಮೈಲಮ್ಮ ಮನೆಗೆ ಹೋಗುತ್ತಾರೆ. ಸೀರೆ ಬದಲಿಸುವುದಿಲ್ಲ. ನೀರು ಸೋರುವ ಸೆರಗಿನಲ್ಲೇ ಅಂಗಳದ ನಳದ ಮುಂದೆ ಹಂಡೆ ಎಳೆದಿಟ್ಟು ನಿಲ್ಲುತ್ತಾರೆ. ಯಾಕೆ ನಿಂತಿದ್ದೀರಿ ಎಂದರೆ ಕೈಸನ್ನೆ ಮಾಡಿ ಬಾಯಿ ಮುಚ್ಚಿಸುತ್ತಾರೆ. "ಎಂಟು ವರ್ಷ ಆತ್ರಿ. ನೀರು ಬರೋ ಹೊತ್ತಿನ್ಯಾಗ ನಾ ಯಾವಾಗ್ಲೂ ವಾಲಿನ ಗುಂಡ್ಯಾಗ. ನಮ್ಮನಿ ನಳಕ್ಕ ನೀರು ಹೆಂಗ ಬರ್ತೈತಿ ಅಂತ ನಾ ಒಂದಿನಾನೂ ನೋಡಿಲ್ಲ."

ನಳ ಮೊದಲು ಬುಸುಗುಡುತ್ತದೆ. ಕೆಮ್ಮುತ್ತದೆ. ಒಂದು ಗುಟುಕು ಕೆಂಪು ನೀರು ಉಗುಳುತ್ತದೆ. ಪಕ್ಕದ ಮನೆಯಿಂದ ರೋಜಾಳ ಅತ್ತೆ "ಬಂತೂ!" ಎಂದು ಕೂಗುತ್ತಾಳೆ. ಮರುಗಳಿಗೆಗೆ ನೀರು ಧೋ ಎಂದು ತಾಮ್ರದ ತಳಕ್ಕೆ ಬೀಳುತ್ತದೆ. ಓಣಿಯುದ್ದಕ್ಕೂ ಹಂಡೆಗಳು ಒಂದಾದ ಮೇಲೊಂದು ಮೊಳಗುತ್ತವೆ. ಮೈಲಮ್ಮ ಎರಡೂ ಅಂಗೈ ನಳದ ಕೆಳಗೆ ಹಿಡಿದಿದ್ದಾರೆ. ಮುಖದ ಮೇಲೆ ಸಿಡಿದ ಹನಿಯನ್ನು ಒರೆಸಿಕೊಳ್ಳುತ್ತಿಲ್ಲ.

ಊರಿನವರು ನಿಮಗೆ ಏನು ಮಾಡಬೇಕು ಅನಿಸುತ್ತದೆ ಎಂದು ಕೇಳುತ್ತೇನೆ.

"ಏನೂ ಬ್ಯಾಡ್ರಿ. ವರ್ಷಕ್ಕೊಂದಿನ, ಈ ಹಬ್ಬದ ದಿನ, ಯಾರರ ಒಬ್ರು ವಾಲು ತಿರುವ್ಲಿ. ನಾ ಇಲ್ಲಿ ನಿಂತು ಹಿಡ್ಕಂತೀನಿ."

ಹಂಡೆ ತುಂಬುತ್ತದೆ. ತುಂಬಿ ಅಂಚು ದಾಟಿ ಅಂಗಳಕ್ಕೆ ಹರಿಯುತ್ತದೆ. ಮೈಲಮ್ಮ ಗಡಬಡಿಸಿ ನನ್ನ ಕಡೆ ತಿರುಗುತ್ತಾರೆ.

"ಅಯ್ಯ, ಸಾಕು ಅಂತ ಶಾಂಭವಕ್ಕಗ ಹೇಳ್ರಿ, ಓಡ್ರಿ!" ನಾನು ಎರಡು ಹೆಜ್ಜೆ ಹಾಕಿರುತ್ತೇನೆ. ಹಿಂದಿನಿಂದ ಮತ್ತೆ ಅದೇ ದನಿ, ಈ ಸಲ ಮೆತ್ತಗೆ: "ತಡೀರಿ... ಇನ್ನೊಂದೀಟು ಬರ್ಲಿ."